ಎದೆಪೊರೆ

ಎದೆಪೊರೆ (ಪುಪ್ಪುಸಾವರಣ, ಪ್ಲೂರಾ) ಎಂಬುದು ಶ್ವಾಸಕೋಶಗಳನ್ನು ಹೊರಗಿನಿಂದ ಆವರಿಸಿ, ಎದೆಗೂಡಿನ ಒಳಗೋಡೆಗೂ ಹಾಸಿಕೊಂಡಿರುವ ತೆಳುವಾದ, ನುಣುಪಾದ ಪೊರೆ. ಬಲ ಮತ್ತು ಎಡ ಶ್ವಾಸಕೋಶಗಳಿಗೆ ಬೇರೆ ಬೇರೆ ಎದೆಪೊರೆಗಳಿದ್ದು, ಮನುಷ್ಯರಲ್ಲಿ ಇವೆರಡಕ್ಕೂ ಪರಸ್ಪರ ಸಂಪರ್ಕವಿಲ್ಲ. ಪ್ರತಿಯೊಂದು ಪೊರೆಗೂ ಎರಡು ಪದರಗಳಿವೆ. ಅವುಗಳ ನಡುವಿನ ಕಿರಿದಾದ ಅವಕಾಶದಲ್ಲಿ ಕೆಲವೇ ಮಿಲಿಲೀಟರುಗಳಷ್ಟು ದ್ರವ ಇರುತ್ತದೆ. ಉಸಿರಾಟದಲ್ಲಿ ಶ್ವಾಸಕೋಶ ಎದೆಗೂಡಿನೊಡನೆ ಹಿಗ್ಗಿ ಕುಗ್ಗಲು ಈ ವ್ಯವಸ್ಥೆಯೇ ಆಧಾರ.

ಪ್ಲೂರಾ ಎಂಬ ಹೆಸರು ಪಕ್ಕೆ ಅಥವಾ ಪಕ್ಕೆಲುಬು ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಈ ಪೊರೆಯ ಉರಿಯೂತವನ್ನು ಪ್ಲೂರಸಿ ಎನ್ನುತ್ತಾರೆ. ಪದರಗಳ ನಡುವೆ ಹೆಚ್ಚುವರಿ ದ್ರವ ಸೇರುವುದನ್ನು ಆಡುಮಾತಿನಲ್ಲಿ 'ಶ್ವಾಸಕೋಶದಲ್ಲಿ ನೀರು ತುಂಬುವುದು' ಎನ್ನುವುದುಂಟು. ವಾಸ್ತವದಲ್ಲಿ ಈ ನೀರು ಶ್ವಾಸಕೋಶದ ಒಳಗಲ್ಲ, ಅದರ ಹೊರಗೆ, ಪೊರೆಯ ಪದರಗಳ ನಡುವೆ ಇರುತ್ತದೆ.

ರಚನೆ

ಶ್ವಾಸಕೋಶದ ಮೇಲ್ಮೈಗೆ ಬಿಗಿಯಾಗಿ ಅಂಟಿಕೊಂಡಿರುವ ಪದರಕ್ಕೆ ಅಂಗಪದರವೆಂದು ಹೆಸರು. ಇದು ಶ್ವಾಸಕೋಶದ ಹಾಲೆಗಳ ನಡುವಿನ ಸೀಳುಗಳೊಳಗೂ ಇಳಿಯುತ್ತದೆ. ಎದೆಗೂಡಿನ ಒಳಮೈಗೆ ಹಾಸಿರುವ ಪದರವು ಭಿತ್ತಿಪದರ. ಶ್ವಾಸನಾಳ ಮತ್ತು ರಕ್ತನಾಳಗಳು ಒಳಹೊಕ್ಕುವ ಶ್ವಾಸಕೋಶದ ಬೇರಿನ ಬಳಿ ಈ ಎರಡು ಪದರಗಳು ಒಂದರೊಳಗೊಂದು ಮುಂದುವರಿಯುತ್ತವೆ. ಆದ್ದರಿಂದ ಇವು ಎರಡು ಪ್ರತ್ಯೇಕ ಪೊರೆಗಳಲ್ಲ, ಒಂದೇ ಪೊರೆಯ ಎರಡು ಮುಖಗಳು.

ಭಿತ್ತಿಪದರವನ್ನು ಅದು ಆವರಿಸುವ ಜಾಗಕ್ಕನುಗುಣವಾಗಿ ನಾಲ್ಕು ಭಾಗಗಳಾಗಿ ವಿಂಗಡಿಸಲಾಗಿದೆ:

ಪಕ್ಕೆಲುಬಿನ ಭಾಗ: ಪಕ್ಕೆಲುಬುಗಳು ಮತ್ತು ಅವುಗಳ ನಡುವಿನ ಸ್ನಾಯುಗಳ ಒಳಮೈಯಲ್ಲಿರುವುದು.
ವಪೆಯ ಭಾಗ: ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಮೇಲ್ಮೈಯಲ್ಲಿರುವುದು.
ನಡುಭಾಗ: ಹೃದಯ, ಅನ್ನನಾಳ ಮುಂತಾದವುಗಳಿರುವ ಎದೆಯ ನಡುಪ್ರದೇಶದ ಕಡೆಗಿರುವುದು.
ಕತ್ತಿನ ಭಾಗ: ಮೊದಲ ಪಕ್ಕೆಲುಬಿಗಿಂತ ಮೇಲಕ್ಕೆ, ಕತ್ತಿನ ಬುಡದವರೆಗೆ ಗುಮ್ಮಟದಂತೆ ಏರಿರುವುದು.

ಕತ್ತಿನ ಭಾಗದ ಈ ಎತ್ತರದಿಂದಾಗಿ ಕೊರಳೆಲುಬಿನ ಮೇಲ್ಭಾಗಕ್ಕೆ ಆಗುವ ಇರಿತದ ಗಾಯವೂ ಎದೆಪೊರೆಯನ್ನು ತೂತುಮಾಡಬಲ್ಲದು.

ಎದೆಪೊರೆಯ ಕೆಳ ಅಂಚು ಶ್ವಾಸಕೋಶದ ಕೆಳ ಅಂಚಿಗಿಂತ ಸುಮಾರು ಎರಡು ಪಕ್ಕೆಲುಬುಗಳಷ್ಟು ಕೆಳಗಿರುತ್ತದೆ. ಶಾಂತ ಉಸಿರಾಟದಲ್ಲಿ ಶ್ವಾಸಕೋಶದ ಅಂಚು ಎದೆಯ ಮುಂಭಾಗದಲ್ಲಿ 6ನೆಯ, ಪಕ್ಕದಲ್ಲಿ 8ನೆಯ ಮತ್ತು ಬೆನ್ನಿನಲ್ಲಿ 10ನೆಯ ಪಕ್ಕೆಲುಬಿನ ಮಟ್ಟದಲ್ಲಿದ್ದರೆ, ಎದೆಪೊರೆ ಕ್ರಮವಾಗಿ 8, 10 ಮತ್ತು 12ನೆಯ ಪಕ್ಕೆಲುಬುಗಳವರೆಗೆ ಇಳಿಯುತ್ತದೆ. ಹೀಗೆ ಉಳಿಯುವ ಮಡಿಕೆಯಂಥ ಜಾಗವು ಆಳವಾದ ಉಸಿರಿನಲ್ಲಿ ಶ್ವಾಸಕೋಶ ಹಿಗ್ಗಲು ಎಡೆಮಾಡಿಕೊಡುತ್ತದೆ. ನಿಂತಾಗ ಅಥವಾ ಕುಳಿತಾಗ ಪೊರೆಯೊಳಗಿನ ಹೆಚ್ಚುವರಿ ದ್ರವ ಮೊದಲು ಸೇರುವುದೂ ಇದೇ ಮಡಿಕೆಯಲ್ಲಿ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎದೆಪೊರೆಯ ಮೇಲ್ಮೈಯಲ್ಲಿ ಮೀಸೋಥೀಲಿಯಮ್ ಎಂಬ ಒಂದೇ ಸಾಲಿನ ಚಪ್ಪಟೆ ಜೀವಕೋಶಗಳು, ಅವುಗಳ ಕೆಳಗೆ ರಕ್ತನಾಳ, ದುಗ್ಧರಸನಾಳ ಮತ್ತು ಸ್ಥಿತಿಸ್ಥಾಪಕ ನಾರುಗಳುಳ್ಳ ಸಂಯೋಜಕ ಅಂಗಾಂಶ ಕಂಡುಬರುತ್ತವೆ. ಭಿತ್ತಿಪದರದಲ್ಲಿ ದುಗ್ಧರಸನಾಳಗಳಿಗೆ ನೇರವಾಗಿ ತೆರೆದುಕೊಳ್ಳುವ ಅತಿ ಸಣ್ಣ ರಂಧ್ರಗಳಿವೆ. ಅಂಗಪದರದಲ್ಲಿ ಇವು ಇಲ್ಲ.

ನರಗಳು ಮತ್ತು ನೋವು

ಎರಡು ಪದರಗಳಿಗೆ ಬರುವ ನರಗಳು ಬೇರೆಬೇರೆ. ಭಿತ್ತಿಪದರದ ಪಕ್ಕೆಲುಬಿನ ಭಾಗಕ್ಕೆ ಪಕ್ಕೆಲುಬುಗಳ ನಡುವಿನ ನರಗಳೂ, ನಡುಭಾಗಕ್ಕೆ ಮತ್ತು ವಪೆಯ ಮಧ್ಯಭಾಗಕ್ಕೆ ಫ್ರೆನಿಕ್ ನರವೂ ಬರುತ್ತವೆ. ಆದ್ದರಿಂದ ಭಿತ್ತಿಪದರ ನೋವನ್ನು ತೀಕ್ಷ್ಣವಾಗಿ ಗ್ರಹಿಸುತ್ತದೆ. ಅಂಗಪದರಕ್ಕೆ ಸ್ವಯಂಚಾಲಿತ ನರಗಳಷ್ಟೇ ಇರುವುದರಿಂದ ಅದರಲ್ಲಿ ನೋವು ತಿಳಿಯುವುದಿಲ್ಲ. ಶ್ವಾಸಕೋಶದೊಳಗಿನ ಕಾಯಿಲೆ ಬಹುಕಾಲ ನೋವಿಲ್ಲದೆ ಬೆಳೆದು, ಭಿತ್ತಿಪದರವನ್ನು ಮುಟ್ಟಿದ ಮೇಲಷ್ಟೇ ನೋವು ತೋರುವುದಕ್ಕೆ ಇದೇ ಕಾರಣ.

ಫ್ರೆನಿಕ್ ನರವು ಕತ್ತಿನ 3, 4 ಮತ್ತು 5ನೆಯ ಬೆನ್ನುಹುರಿ ನರಗಳಿಂದ ಹುಟ್ಟುತ್ತದೆ. ಭುಜದ ಚರ್ಮಕ್ಕೂ ಇವೇ ನರಗಳ ಕವಲುಗಳು ಹೋಗುವುದರಿಂದ ವಪೆಯ ಮಧ್ಯದ ಎದೆಪೊರೆ ಕೆರಳಿದಾಗ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳಬಹುದು. ಕೆಳಗಿನ ಪಕ್ಕೆಲುಬುಗಳ ನರಗಳು ಹೊಟ್ಟೆಯ ಗೋಡೆಗೂ ಹೋಗುವುದರಿಂದ ಎದೆಪೊರೆಯ ನೋವನ್ನು, ವಿಶೇಷವಾಗಿ ಮಕ್ಕಳಲ್ಲಿ, ಹೊಟ್ಟೆನೋವೆಂದು ತಪ್ಪಾಗಿ ಭಾವಿಸುವುದೂ ಉಂಟು.

ಕಾರ್ಯ

ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕ ಗುಣದಿಂದ ಸದಾ ಒಳಮುಖವಾಗಿ ಕುಗ್ಗಲು ಯತ್ನಿಸುತ್ತದೆ. ಎದೆಗೂಡು ಹೊರಮುಖವಾಗಿ ಹಿಗ್ಗಲು ಯತ್ನಿಸುತ್ತದೆ. ಈ ಎರಡು ಸೆಳೆತಗಳಿಂದ ಪದರಗಳ ನಡುವಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಕಡಿಮೆಯಾಗಿರುತ್ತದೆ. ಶಾಂತವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಇದು ಸುಮಾರು 5 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಕಡಿಮೆಯಿದ್ದು, ಉಸಿರು ಒಳಗೆಳೆದಾಗ ಸುಮಾರು 7.5 ಸೆಂಟಿಮೀಟರಿನಷ್ಟು ಕಡಿಮೆಯಾಗುತ್ತದೆ. ಒದ್ದೆಯಾದ ಎರಡು ಗಾಜಿನ ಫಲಕಗಳನ್ನು ಒಂದರ ಮೇಲೊಂದು ಸರಿಸಬಹುದು, ಆದರೆ ಎತ್ತಿ ಬಿಡಿಸುವುದು ಕಷ್ಟ. ಎದೆಪೊರೆಯ ಪದರಗಳ ಸ್ಥಿತಿಯೂ ಅಂಥದೇ. ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಅದರೊಡನೆ ಹಿಗ್ಗಿ, ಗಾಳಿ ಒಳನುಗ್ಗುತ್ತದೆ.

ಆರೋಗ್ಯವಂತ ವಯಸ್ಕರಲ್ಲಿ ಎರಡೂ ಕಡೆಯ ದ್ರವ ಸೇರಿದರೂ ಸುಮಾರು 20 ಮಿಲಿಲೀಟರನ್ನು ಮೀರುವುದಿಲ್ಲ. ಈ ದ್ರವ ಮುಖ್ಯವಾಗಿ ಭಿತ್ತಿಪದರದ ರಕ್ತನಾಳಗಳಿಂದ ಒಸರಿ, ಅದೇ ಪದರದ ದುಗ್ಧರಸನಾಳಗಳ ಮೂಲಕ ಹಿಂದಿರುಗುತ್ತದೆ. ಒಸರುವಿಕೆ ಹೆಚ್ಚಿದರೆ ದುಗ್ಧರಸನಾಳಗಳು ತಮ್ಮ ಕೆಲಸವನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳಬಲ್ಲವು. ಆ ಮಿತಿಯೂ ಮೀರಿದಾಗ ಅಥವಾ ಆ ದಾರಿಯೇ ಮುಚ್ಚಿದಾಗ ದ್ರವ ನಿಲ್ಲುತ್ತದೆ.

ಆನೆಯಲ್ಲಿ ಎದೆಪೊರೆ

ಸಸ್ತನಿಗಳಲ್ಲಿ ಆನೆಯ ರಚನೆ ವಿಶಿಷ್ಟವಾದುದು. ಅದರಲ್ಲಿ ಎದೆಪೊರೆಯ ಎರಡು ಪದರಗಳ ನಡುವೆ ಖಾಲಿ ಅವಕಾಶವಿಲ್ಲ. ಸಡಿಲವಾದ ಸಂಯೋಜಕ ಅಂಗಾಂಶ ಆ ಜಾಗವನ್ನು ತುಂಬಿರುತ್ತದೆ. ಆಳವಾದ ನೀರಿನಲ್ಲಿ ಮೈಮುಳುಗಿಸಿ, ಸೊಂಡಿಲನ್ನಷ್ಟೇ ಮೇಲೆತ್ತಿ ಉಸಿರಾಡುವಾಗ ಆನೆಯ ಎದೆಯ ಮೇಲೆ ನೀರಿನ ಒತ್ತಡ ಬೀಳುತ್ತಿದ್ದರೂ ಶ್ವಾಸಕೋಶದೊಳಗಿನ ಗಾಳಿ ವಾತಾವರಣದ ಒತ್ತಡದಲ್ಲೇ ಇರುತ್ತದೆ. ಇಂಥ ವ್ಯತ್ಯಾಸದಲ್ಲಿ ತೆಳು ಪೊರೆಯ ರಕ್ತನಾಳಗಳು ಒಡೆಯುವ ಅಪಾಯವಿದೆ. ಆನೆಯ ದಪ್ಪ ಅಂಗಾಂಶ ಅದನ್ನು ತಡೆಯುತ್ತದೆ ಎಂದು ಶರೀರಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ ವಿವರಿಸಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ಕರ್ನಾಟಕದಲ್ಲಿ, ಕಬಿನಿ ಹಿನ್ನೀರಿನಂಥ ಕಡೆ ಆನೆಗಳು ನೀರನ್ನು ಈಜಿ ದಾಟುವುದು ಸಾಮಾನ್ಯ ದೃಶ್ಯ.

ಎದೆಪೊರೆಯ ಕಾಯಿಲೆಗಳು

ಪ್ಲೂರಸಿ: ನ್ಯುಮೋನಿಯ, ವೈರಸ್ ಸೋಂಕು, ಕ್ಷಯ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕುವುದು ಮುಂತಾದ ಕಾರಣಗಳಿಂದ ಪೊರೆಯಲ್ಲಿ ಉರಿಯೂತ ಉಂಟಾಗುತ್ತದೆ. ಉಸಿರೆಳೆದಾಗ, ಕೆಮ್ಮಿದಾಗ, ಸೀನಿದಾಗ ಪಕ್ಕೆಯಲ್ಲಿ ಚುಚ್ಚಿದಂತೆ ನೋಯುವುದು ಇದರ ಮುಖ್ಯ ಲಕ್ಷಣ. ಸ್ಟೆತೊಸ್ಕೋಪಿನಲ್ಲಿ ಹೊಸ ತೊಗಲಿನ ಕಿರುಗುಟ್ಟುವಿಕೆಯನ್ನು ಹೋಲುವ ಉಜ್ಜುಸದ್ದು ಕೇಳಿಸುತ್ತದೆ. ನಡುವೆ ನೀರು ಸೇರಿ ಪದರಗಳು ದೂರವಾದಾಗ ನೋವೂ ಸದ್ದೂ ಕಡಿಮೆಯಾಗುತ್ತವೆ. ಇದನ್ನು ಗುಣವೆಂದು ಭಾವಿಸಬಾರದು. ನೋವು ತಗ್ಗಿ ಏದುಸಿರು ಹೆಚ್ಚುವುದು ಕಾಯಿಲೆ ಮುಂದುವರಿದಿರುವುದರ ಸೂಚನೆ.

ಪೊರೆಯಲ್ಲಿ ನೀರು ಸೇರುವುದು: ಹೃದಯದ ವೈಫಲ್ಯ, ಯಕೃತ್ತಿನ ಸಿರೋಸಿಸ್ ಮತ್ತು ಕೆಲವು ಮೂತ್ರಪಿಂಡದ ಕಾಯಿಲೆಗಳಲ್ಲಿ ಪ್ರೋಟೀನ್ ಕಡಿಮೆಯಿರುವ ತಿಳಿ ದ್ರವ ಸೇರುತ್ತದೆ. ಕ್ಷಯ, ನ್ಯುಮೋನಿಯ, ಕ್ಯಾನ್ಸರುಗಳಲ್ಲಿ ಪ್ರೋಟೀನ್ ಹೆಚ್ಚಿರುವ ದ್ರವ ಸೇರುತ್ತದೆ. ಇವೆರಡನ್ನು ಪ್ರತ್ಯೇಕಿಸಲು ರಿಚರ್ಡ್ ಲೈಟ್ ಮತ್ತು ಸಂಗಡಿಗರು 1972ರಲ್ಲಿ ಸೂಚಿಸಿದ ಮಾನದಂಡಗಳು ಇಂದಿಗೂ ಬಳಕೆಯಲ್ಲಿವೆ. ದ್ರವದ ಪ್ರೋಟೀನ್ ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚಿರುವುದು ಅವುಗಳಲ್ಲಿ ಒಂದು.

ಎಂಪೈಮ: ಪದರಗಳ ನಡುವೆ ಕೀವು ತುಂಬುವುದು. ಇದಕ್ಕೆ ಔಷಧಿಯೊಂದೇ ಸಾಲದು. ಕೊಳವೆ ಇಟ್ಟು ಕೀವನ್ನು ಹೊರಹರಿಸಬೇಕು.

ಗಾಳಿ ಸೇರುವುದು (ನ್ಯುಮೊಥೊರ‍್ಯಾಕ್ಸ್): ಗಾಯದಿಂದ ಅಥವಾ ಶ್ವಾಸಕೋಶದ ಮೇಲ್ಮೈಯ ಗುಳ್ಳೆ ಒಡೆಯುವುದರಿಂದ ಪೊರೆಯೊಳಕ್ಕೆ ಗಾಳಿ ನುಗ್ಗಿದರೆ ಶ್ವಾಸಕೋಶ ಕುಸಿಯುತ್ತದೆ. ಒಳಬಂದ ಗಾಳಿ ಹೊರಹೋಗದೆ ಪ್ರತಿ ಉಸಿರಿನಲ್ಲೂ ಹೆಚ್ಚುತ್ತಾ ಹೋದರೆ ಹೃದಯವೂ ಪಕ್ಕಕ್ಕೆ ತಳ್ಳಲ್ಪಟ್ಟು ನಿಮಿಷಗಳಲ್ಲಿ ಪ್ರಾಣಾಪಾಯವಾಗುತ್ತದೆ. ಇಂಥ ಸ್ಥಿತಿಯಲ್ಲಿ ಎಕ್ಸ್‌ರೇಗಾಗಿ ಕಾಯದೆ ಸೂಜಿಯಿಂದ ಗಾಳಿಯನ್ನು ಹೊರಬಿಡಬೇಕಾಗುತ್ತದೆ.

ರಕ್ತ ಮತ್ತು ದುಗ್ಧರಸ ಸೇರುವುದು: ಅಪಘಾತದಲ್ಲಿ ಪಕ್ಕೆಲುಬು ಮುರಿದಾಗ ರಕ್ತವೂ, ಎದೆಯ ಮುಖ್ಯ ದುಗ್ಧರಸನಾಳಕ್ಕೆ ಪೆಟ್ಟಾದಾಗ ಹಾಲಿನ ಬಣ್ಣದ ದ್ರವವೂ ಸೇರಬಹುದು.

ಎದೆಪೊರೆಯ ಕ್ಷಯ

ಭಾರತದಲ್ಲಿ ಎದೆಪೊರೆಯಲ್ಲಿ ಒಂದೇ ಕಡೆ ನೀರು ಸೇರಲು ಕ್ಷಯವು ಒಂದು ಪ್ರಮುಖ ಕಾರಣ. ಸೋಂಕಿನ ಸಣ್ಣ ಗಂಟೊಂದು ಶ್ವಾಸಕೋಶದ ಅಂಚಿನಲ್ಲಿ ಒಡೆದು ಪೊರೆಯೊಳಗೆ ತೆರೆದುಕೊಂಡಾಗ, ರೋಗಾಣುವಿನ ಪ್ರೋಟೀನುಗಳಿಗೆ ದೇಹ ತೋರುವ ತೀವ್ರ ಪ್ರತಿಕ್ರಿಯೆಯಿಂದ ನೀರು ಸೇರುತ್ತದೆ. ಸಂಜೆಯ ಜ್ವರ, ಒಣ ಕೆಮ್ಮು, ಪಕ್ಕೆನೋವು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಮತ್ತು ಏದುಸಿರು ಇದರ ಲಕ್ಷಣಗಳು. ದ್ರವದಲ್ಲಿ ರೋಗಾಣುಗಳ ಸಂಖ್ಯೆ ಅತಿ ಕಡಿಮೆಯಿರುವುದರಿಂದ ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಅವು ಕಾಣಸಿಗುವುದು ವಿರಳ. ಜೀನ್ ಆಧಾರಿತ ಪರೀಕ್ಷೆಯೂ ಕಫದಲ್ಲಿ ನೀಡುವಷ್ಟು ಖಚಿತ ಉತ್ತರವನ್ನು ಈ ದ್ರವದಲ್ಲಿ ನೀಡುವುದಿಲ್ಲ. ಹೀಗಾಗಿ ದ್ರವದಲ್ಲಿ ಲಿಂಫೊಸೈಟ್ ಕಣಗಳ ಪ್ರಾಬಲ್ಯ, ಅಡಿನೊಸಿನ್ ಡಿಅಮಿನೇಸ್ ಎಂಬ ಕಿಣ್ವ ಲೀಟರಿಗೆ 40 ಯೂನಿಟ್ಟಿಗಿಂತ ಹೆಚ್ಚಿರುವುದು ಮತ್ತು ಅಗತ್ಯವಿದ್ದಲ್ಲಿ ಪೊರೆಯ ಚೂರಿನ ಪರೀಕ್ಷೆ ರೋಗನಿರ್ಣಯಕ್ಕೆ ನೆರವಾಗುತ್ತವೆ. ಒಂದು ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಷಯವಿಲ್ಲವೆಂದು ಹೇಳಲಾಗದು.

ಈ ಕಾಯಿಲೆಯ ಒಂದು ಗುಣ ವಿಶೇಷ ಎಚ್ಚರಿಕೆಯನ್ನು ಬೇಡುತ್ತದೆ. ಚಿಕಿತ್ಸೆಯಿಲ್ಲದಿದ್ದರೂ ಹಲವರಲ್ಲಿ ನೀರು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಇಂಗುತ್ತದೆ, ಜ್ವರವೂ ಇಳಿಯುತ್ತದೆ. ಆದರೆ ಸೋಂಕು ಒಳಗೇ ಉಳಿದಿರುತ್ತದೆ. ಅಮೆರಿಕದ ಸೈನಿಕ ಸಿಬ್ಬಂದಿಯ ಕುರಿತು 1955ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಚಿಕಿತ್ಸೆಯಿಲ್ಲದೆ ನೀರು ಇಂಗಿದವರ ಪೈಕಿ ಶೇ. 65ರಷ್ಟು ಮಂದಿಯಲ್ಲಿ ಮುಂದಿನ ವರ್ಷಗಳಲ್ಲಿ ಸಕ್ರಿಯ ಕ್ಷಯ ಕಾಣಿಸಿಕೊಂಡಿತು. ನೀರನ್ನು ಸೂಜಿಯಿಂದ ತೆಗೆದ ಕೂಡಲೇ ಆರಾಮವೆನಿಸಿ ಮಾತ್ರೆ ನಿಲ್ಲಿಸುವವರಿಗೂ ಇದೇ ಅಪಾಯವಿದೆ. ನೀರು ತೆಗೆಯುವುದರಿಂದ ಉಸಿರಾಟ ಹಗುರವಾಗುತ್ತದೆಯೇ ಹೊರತು ಕ್ಷಯ ವಾಸಿಯಾಗುವುದಿಲ್ಲ.

ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ಭಾರತದಲ್ಲಿ ಒಟ್ಟು ಆರು ತಿಂಗಳ ಚಿಕಿತ್ಸೆಯಿದೆ. ಮೊದಲ ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮತ್ತು ಇಥಾಂಬ್ಯುಟಾಲ್, ನಂತರದ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಔಷಧಗಳನ್ನು ನೀಡಲಾಗುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಇವು ಉಚಿತ. ಕ್ಷಯ ಪತ್ತೆಯಾದ ಪ್ರತಿಯೊಬ್ಬರ ವಿವರವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯವಾಗಿದೆ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರಲ್ಲಿ ಅದನ್ನು 1000 ರೂಪಾಯಿಗೆ ಏರಿಸಲಾಯಿತು.

ಶ್ವಾಸಕೋಶದ ಒಳಗೆ ರೋಗವಿಲ್ಲದೆ ಪೊರೆಗಷ್ಟೇ ಸೀಮಿತವಾದ ಕ್ಷಯ ಇತರರಿಗೆ ಹರಡುವ ಸಂಭವ ಕಡಿಮೆ. ಆದರೆ ಕೆಲವರಲ್ಲಿ ಎರಡೂ ಒಟ್ಟಿಗಿರುವುದರಿಂದ ಕಫ ಪರೀಕ್ಷೆಯನ್ನೂ ಮಾಡಿಸಲಾಗುತ್ತದೆ. ಚಿಕಿತ್ಸೆ ತಡವಾದರೆ ಪೊರೆ ದಪ್ಪಗಟ್ಟಿ, ಶ್ವಾಸಕೋಶವನ್ನು ಬಿಗಿದ ಚೀಲದಂತೆ ಹಿಡಿದಿಟ್ಟು, ಉಸಿರಾಟವನ್ನು ಶಾಶ್ವತವಾಗಿ ಕುಗ್ಗಿಸಬಹುದು.

ದೂಳು, ಕಲ್ನಾರು ಮತ್ತು ಎದೆಪೊರೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪ್ರದೇಶ ಭೀಮಾ ಕಣಿವೆಯ ಸುಣ್ಣಕಲ್ಲಿನ ನೆಲ. ನೆಲಹಾಸಿಗೆ ಬಳಸುವ ಶಹಾಬಾದ್ ಪರ್ಸಿ ಕಲ್ಲು ಮತ್ತು ಸಿಮೆಂಟ್ ಇಲ್ಲಿನ ಮುಖ್ಯ ಉತ್ಪನ್ನಗಳು. ಕಾಗಿಣಾ ನದಿಯ ದಡದ ದಂಡೋತಿಯಂಥ ಊರುಗಳ ಸುತ್ತಮುತ್ತ ಕೃಷಿಯ ಜೊತೆಗೆ ಕಲ್ಲುಗಣಿ, ಕಲ್ಲು ಕೊಯ್ಯುವುದು ಹಾಗೂ ಸಿಮೆಂಟ್ ಕಾರ್ಖಾನೆಗಳ ಕೆಲಸವೂ ಜೀವನೋಪಾಯದ ದಾರಿ. ಇಂಥ ಪ್ರದೇಶಗಳಲ್ಲಿ ದೂಳಿಗೂ ಎದೆಯ ಕಾಯಿಲೆಗೂ ಇರುವ ಸಂಬಂಧವನ್ನು ಬಿಡಿಸಿ ತಿಳಿಯುವುದು ಅಗತ್ಯ, ಏಕೆಂದರೆ ಎಲ್ಲ ದೂಳೂ ಒಂದೇ ಬಗೆಯ ಹಾನಿ ಮಾಡುವುದಿಲ್ಲ.

ಸುಣ್ಣಕಲ್ಲಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಇದರ ದೂಳು ಮೂಗು, ಗಂಟಲು ಮತ್ತು ಶ್ವಾಸನಾಳಗಳನ್ನು ಕೆರಳಿಸುತ್ತದೆ, ಆದರೆ ಎದೆಪೊರೆಯ ಕ್ಯಾನ್ಸರಿಗೆ ಕಾರಣವಾಗುವುದಿಲ್ಲ. ಹರಳುರೂಪದ ಸಿಲಿಕಾ ಹೆಚ್ಚಿರುವ ಗ್ರಾನೈಟ್, ಮರಳುಗಲ್ಲು ಮುಂತಾದವುಗಳ ದೂಳು ಸಿಲಿಕೋಸಿಸ್ ಉಂಟುಮಾಡುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಈ ಕಾಯಿಲೆಯನ್ನು 20ನೆಯ ಶತಮಾನದ ಮೊದಲಾರ್ಧದಲ್ಲೇ ಗುರುತಿಸಲಾಗಿತ್ತು. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹೀಗೆ ಕಲ್ಲಿನ ದೂಳು ಕ್ಷಯದ ಮೂಲಕ ಪರೋಕ್ಷವಾಗಿ ಎದೆಪೊರೆಯನ್ನೂ ತಲುಪುತ್ತದೆ. ಕಲ್ಲು ಕೊಯ್ಯುವಾಗ ನೀರು ಹರಿಸಿ ದೂಳನ್ನು ಅಡಗಿಸುವುದು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದಕ್ಕಿಂತ ಹೆಚ್ಚಿನ ರಕ್ಷಣೆ ನೀಡುತ್ತದೆ. ಉಸಿರಿನೊಡನೆ ಆಳಕ್ಕಿಳಿಯುವ ಅತಿ ಸಣ್ಣ ಕಣಗಳನ್ನು ಬಟ್ಟೆ ತಡೆಯಲಾರದು.

ಎದೆಪೊರೆಗೆ ನೇರ ಹಾನಿ ಮಾಡುವ ಖನಿಜ ಕಲ್ನಾರು (ಆಸ್‌ಬೆಸ್ಟಾಸ್). ಇದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ದಾಟಿ ಪೊರೆಯನ್ನು ಸೇರಿ ದಶಕಗಳ ಕಾಲ ಅಲ್ಲೇ ಉಳಿಯುತ್ತವೆ. ಭಿತ್ತಿಪದರದಲ್ಲಿ ಗಟ್ಟಿ ಫಲಕಗಳು, ಪೊರೆ ದಪ್ಪಗಟ್ಟುವುದು, ನೀರು ಸೇರುವುದು ಮತ್ತು ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇದರ ಪರಿಣಾಮಗಳು. ದಕ್ಷಿಣ ಆಫ್ರಿಕದ ಕಲ್ನಾರು ಗಣಿ ಪ್ರದೇಶದ ಜನರಲ್ಲಿ ಕಂಡ ಈ ಕ್ಯಾನ್ಸರನ್ನು ಕ್ರಿಸ್ಟೋಫರ್ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ವರದಿ ಮಾಡಿದರು. ಎಳೆಗಳನ್ನು ಉಸಿರಾಡಿದ 20ರಿಂದ 40 ಅಥವಾ ಅದಕ್ಕಿಂತ ಹೆಚ್ಚು ವರ್ಷಗಳ ನಂತರ ಕಾಯಿಲೆ ತಲೆದೋರುವುದರಿಂದ, ರೋಗಿ ಆ ಕೆಲಸವನ್ನು ಬಿಟ್ಟು ಬಹುಕಾಲವಾಗಿರಬಹುದು. ಎದೆಪೊರೆಯ ಕಾಯಿಲೆಯಲ್ಲಿ ವೈದ್ಯರು ಹಿಂದಿನ ಎಲ್ಲ ಕೆಲಸಗಳ ವಿವರವನ್ನೂ ಕೇಳುವುದು ಇದೇ ಕಾರಣಕ್ಕೆ.

ಸಿಮೆಂಟ್ ಪುಡಿಯೇ ಬೇರೆ, ಕಲ್ನಾರೇ ಬೇರೆ. ಮನೆಗಳ ಚಾವಣಿಗೆ ಬಳಸುವ ಸಿಮೆಂಟ್ ಶೀಟುಗಳಲ್ಲಿ ಮಾತ್ರ ಸಿಮೆಂಟಿನೊಡನೆ ಕಲ್ನಾರಿನ ಎಳೆಗಳನ್ನು ಬೆರೆಸಿರುವುದುಂಟು. ಭದ್ರವಾಗಿರುವ ಶೀಟಿನಿಂದ ಎಳೆಗಳು ಹೆಚ್ಚಾಗಿ ಹೊರಬರುವುದಿಲ್ಲ. ಅದನ್ನು ಗರಗಸದಿಂದ ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಅವು ಗಾಳಿಗೆ ಸೇರುತ್ತವೆ. ಭಾರತದ ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಗುರುತಿಸಿ, ಅವರ ಆರೋಗ್ಯ ದಾಖಲೆಗಳನ್ನು ದೀರ್ಘಕಾಲ ಕಾಯ್ದಿಡುವಂತೆ ನಿರ್ದೇಶನ ನೀಡಿತು.

ರೋಗನಿರ್ಣಯ

ಎದೆಯನ್ನು ಬೆರಳಿನಿಂದ ತಟ್ಟಿ ಸದ್ದನ್ನು ಗಮನಿಸುವ ಕ್ರಮವನ್ನು ಆಸ್ಟ್ರಿಯದ ಲಿಯೊಪೋಲ್ಡ್ ಔಎನ್‌ಬ್ರೂಗರ್ 1761ರಲ್ಲಿ ಪ್ರಕಟಿಸಿದ. ನೀರು ಸೇರಿದ ಜಾಗವನ್ನು ತಟ್ಟಿದರೆ ಕಲ್ಲನ್ನು ತಟ್ಟಿದಂತೆ ಮಂದವಾದ ಸದ್ದೂ, ಗಾಳಿ ಸೇರಿದ ಜಾಗದಲ್ಲಿ ಪೊಳ್ಳು ಸದ್ದೂ ಕೇಳುತ್ತದೆ. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಸುಮಾರು 200 ಮಿಲಿಲೀಟರ್ ನೀರು ಸೇರಿದಾಗ ಪಕ್ಕೆಯ ಕೆಳಮೂಲೆ ಮೊಂಡಾಗಿ ಕಾಣುತ್ತದೆ. ಅದಕ್ಕಿಂತ ಕಡಿಮೆ ನೀರನ್ನೂ ಅಲ್ಟ್ರಾಸೌಂಡ್ ತೋರಿಸುತ್ತದೆ. ಸೂಜಿ ಚುಚ್ಚುವ ಸರಿಯಾದ ಜಾಗವನ್ನು ಗುರುತಿಸಲೂ ಅದು ನೆರವಾಗುತ್ತದೆ.

ನೀರು ತೆಗೆಯುವಾಗ ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಜಾಗವನ್ನು ಮರಗಟ್ಟಿಸಿ, ಬೆನ್ನಿನ ಕಡೆಯಿಂದ ಸೂಜಿ ಹಾಕಲಾಗುತ್ತದೆ. ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ ಮತ್ತು ನರ ಸಾಗುವುದರಿಂದ ಸೂಜಿಯನ್ನು ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗುವಂತೆ ಇಳಿಸುತ್ತಾರೆ. ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಕುಸಿದಿದ್ದ ಶ್ವಾಸಕೋಶ ಹಠಾತ್ತನೆ ಹಿಗ್ಗಿದರೆ ಅದರೊಳಗೇ ನೀರು ಒಸರುವ ಅಪಾಯವಿದೆ.

ಇತಿಹಾಸ

ಆಯುರ್ವೇದದ ಚರಕಸಂಹಿತೆ ರಾಜಯಕ್ಷ್ಮದ ಲಕ್ಷಣಗಳಲ್ಲಿ ಪಾರ್ಶ್ವಶೂಲವನ್ನು, ಅಂದರೆ ಪಕ್ಕೆನೋವನ್ನು, ಹೆಸರಿಸುತ್ತದೆ. ಪ್ರಾಚೀನ ಗ್ರೀಸಿನಲ್ಲಿ ಹಿಪ್ಪೊಕ್ರೆಟಿಸನ ಪರಂಪರೆಯ ವೈದ್ಯರು ಎದೆಯಲ್ಲಿ ತುಂಬಿದ ಕೀವನ್ನು ಪಕ್ಕೆಯಲ್ಲಿ ರಂಧ್ರಮಾಡಿ ಹೊರಬಿಡುತ್ತಿದ್ದರು. ಫ್ರಾನ್ಸಿನ ರೆನೆ ಲೆನೆಕ್ 1816ರಲ್ಲಿ ಸ್ಟೆತೊಸ್ಕೋಪನ್ನು ರೂಪಿಸಿದ ಬಳಿಕ ಎದೆಯ ಕಾಯಿಲೆಗಳನ್ನು ಸದ್ದಿನಿಂದ ಗುರುತಿಸುವುದು ವ್ಯಾಪಕವಾಯಿತು. ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಹೊರಗಾಳಿ ಒಳಬಾರದಂತೆ ಕೀವು ಹರಿಸುವ ಕ್ರಮವನ್ನು ಜರ್ಮನಿಯ ಗಾಟ್‌ಹಾರ್ಡ್ ಬ್ಯೂಲೌ 19ನೆಯ ಶತಮಾನದಲ್ಲಿ ಬಳಕೆಗೆ ತಂದ. ಇಂದಿನ ಆಸ್ಪತ್ರೆಗಳ ಎದೆಕೊಳವೆ ಬಾಟಲಿ ಇದೇ ತತ್ವದ್ದು.

ಕ್ಷಯಕ್ಕೆ ಔಷಧಿ ಇಲ್ಲದಿದ್ದ ಕಾಲದಲ್ಲಿ ಎದೆಪೊರೆಯನ್ನೇ ಚಿಕಿತ್ಸೆಯ ಸಾಧನವಾಗಿ ಬಳಸಲಾಗುತ್ತಿತ್ತು. ಇಟಲಿಯ ಕಾರ್ಲೊ ಫೋರ್ಲನೀನಿ 1882ರಲ್ಲಿ ಸೂಚಿಸಿದಂತೆ, ಪೊರೆಯೊಳಕ್ಕೆ ಬೇಕೆಂದೇ ಗಾಳಿ ತುಂಬಿ, ರೋಗಪೀಡಿತ ಶ್ವಾಸಕೋಶವನ್ನು ಕುಸಿಯುವಂತೆ ಮಾಡಿ ವಿಶ್ರಾಂತಿ ಕೊಡುವುದು ಆ ವಿಧಾನ. ಪರಿಣಾಮಕಾರಿ ಔಷಧಗಳು ಬಂದ ಮೇಲೆ ಇದು ಹಿಂದೆ ಸರಿಯಿತು.

ಕರ್ನಾಟಕದಲ್ಲಿ ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಈ ಕ್ಷೇತ್ರದ ಹಳೆಯ ಸಂಸ್ಥೆಗಳಲ್ಲಿ ಒಂದು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಅಧ್ಯಯನದ ತಳಹದಿ ಒದಗಿಸಿತು. ಅದೇ ನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಎದೆಯ ಕಾಯಿಲೆಗಳಿಗೆ ಮೀಸಲಾಗಿದೆ. ಕಲಬುರಗಿಯಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಸರ್ಕಾರದ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಇಎಸ್‌ಐ ವೈದ್ಯಕೀಯ ಕಾಲೇಜುಗಳಿವೆ.

ಯಾವಾಗ ವೈದ್ಯರನ್ನು ಕಾಣಬೇಕು

ಎರಡು ವಾರಕ್ಕಿಂತ ಹೆಚ್ಚು ಕಾಲದ ಕೆಮ್ಮು ಅಥವಾ ಜ್ವರ, ಉಸಿರಿನೊಡನೆ ಹೆಚ್ಚುವ ಪಕ್ಕೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಮಗ್ಗುಲಲ್ಲಿ ಮಲಗಿದರೆ ಮಾತ್ರ ಹಾಯೆನಿಸುವುದು ಎದೆಯ ಎಕ್ಸ್‌ರೇ ಬೇಡುವ ಲಕ್ಷಣಗಳು. ಹಠಾತ್ತನೆ ಬಂದ ಎದೆನೋವಿನೊಡನೆ ಏದುಸಿರು, ತುಟಿ ನೀಲಿಗಟ್ಟುವುದು ಅಥವಾ ಎದೆಗೆ ಪೆಟ್ಟು ಬಿದ್ದ ಬಳಿಕ ಉಸಿರಾಡಲು ಕಷ್ಟವಾಗುವುದು ತುರ್ತು ಸ್ಥಿತಿಗಳು. ನೋವುನಿವಾರಕ ಮಾತ್ರೆ ಪಕ್ಕೆನೋವನ್ನು ಮರೆಮಾಡಬಹುದು. ಅದರ ಕಾರಣವನ್ನು ನಿವಾರಿಸುವುದಿಲ್ಲ.